ಉಪ್ಪಾಗೆಯ ಸಾರ: ಒಂದು ಹಣ್ಣಿನ ಔಷಧೀಯ ಗುಣವನ್ನು ಪರೀಕ್ಷಿಸುವ ಬಗೆ

ಒಂದು ಹಣ್ಣಿನ ಸಾರಕ್ಕೆ ಔಷಧೀಯ ಗುಣವಿದೆಯೆಂಬ ಮಾತು ಒಂದೇ ಮಾತಿನಂತೆ ಕೇಳಿಸಿದರೂ ಅದರೊಳಗೆ ಹಲವು ಪ್ರತ್ಯೇಕ ಪ್ರತಿಪಾದನೆಗಳು ಸೇರಿಕೊಂಡಿರುತ್ತವೆ. ಹಣ್ಣು ಯಾವ ಮರದ್ದೆಂಬುದು ಖಚಿತವಾಗಿದೆ, ಅದರಿಂದ ತೆಗೆದ ಸಾರದಲ್ಲಿ ಇಂಥದೇ ರಾಸಾಯನಿಕ ಇಷ್ಟು ಪ್ರಮಾಣದಲ್ಲಿದೆ, ಆ ರಾಸಾಯನಿಕವು ದೇಹದ ಇಂಥ ಕ್ರಿಯೆಯನ್ನು ಬದಲಿಸುತ್ತದೆ, ಆ ಬದಲಾವಣೆಯು ರೋಗಿಗೆ ಉಪಕಾರವಾಗುವಷ್ಟು ದೊಡ್ಡದು, ಮತ್ತು ಅದರಿಂದಾಗುವ ಅಪಾಯವು ಉಪಕಾರವನ್ನು ಮೀರುವುದಿಲ್ಲ ಎಂಬ ಐದು ಮಾತುಗಳನ್ನು ಬೇರೆಬೇರೆಯಾಗಿ ಸಾಧಿಸಿ ತೋರಿಸದ ಹೊರತು ಮೊದಲಿನ ಮಾತು ನಿಲ್ಲುವುದಿಲ್ಲ. ಇವುಗಳಲ್ಲಿ ಒಂದು ನಿಜವಾದ ಮಾತ್ರಕ್ಕೆ ಮುಂದಿನದು ತಾನಾಗಿ ನಿಜವಾಗದೆಂಬುದನ್ನು ಮನಗಾಣಲು ಪಶ್ಚಿಮ ಘಟ್ಟದ ಉಪ್ಪಾಗೆ ಹಣ್ಣು ಒಳ್ಳೆಯ ನಿದರ್ಶನವಾಗಿದೆ. ಈ ಹಣ್ಣಿನ ವಿಷಯದಲ್ಲಿ ಮೊದಲ ಮೂರು ಮಾತುಗಳು ಚೆನ್ನಾಗಿ ಸಿದ್ಧವಾದವು, ನಾಲ್ಕನೆಯದು ಪರೀಕ್ಷೆಯಲ್ಲಿ ಸೋತಿತು, ಐದನೆಯದು ಆತಂಕ ಹುಟ್ಟಿಸಿತು. ಆದರೆ ಇಷ್ಟೂ ಆಗುವ ಮೊದಲೇ ಪೇಟೆಯು ಐದನ್ನೂ ಸಿದ್ಧವಾದ ಸಂಗತಿಗಳೆಂಬಂತೆ ಮಾರತೊಡಗಿತ್ತು. ಆ ಪರೀಕ್ಷೆಗಳು ಯಾವ ಕ್ರಮದಲ್ಲಿ ನಡೆದವು, ಪ್ರತಿಯೊಂದು ಹಂತವೂ ಯಾವ ಪ್ರಶ್ನೆಗೆ ಉತ್ತರ ಕೊಟ್ಟಿತು ಮತ್ತು ಯಾವ ಪ್ರಶ್ನೆಯನ್ನು ಮುಟ್ಟಲೇ ಇಲ್ಲ ಎಂಬುದರ ವಿವೇಚನೆಯೇ ಈ ಉಪನ್ಯಾಸದ ವಸ್ತು.

1. ಮರ, ಹಣ್ಣು, ಬಳಕೆ

ಉಪ್ಪಾಗೆಯ ಸಸ್ಯಶಾಸ್ತ್ರೀಯ ಹೆಸರು ಗಾರ್ಸೀನಿಯಾ ಗಮ್ಮಿ-ಗಟ್ಟಾ; ವ್ಯಾಪಾರದಲ್ಲಿ ಇಂದಿಗೂ ಚಾಲ್ತಿಯಲ್ಲಿರುವ ಗಾರ್ಸೀನಿಯಾ ಕಾಂಬೋಜಿಯಾ ಎಂಬುದು ಇದೇ ಮರಕ್ಕಿದ್ದ ಹಳೆಯ ಹೆಸರು. ಉತ್ತರ ಕನ್ನಡ, ಶಿವಮೊಗ್ಗ, ಕೊಡಗು ಜಿಲ್ಲೆಗಳಲ್ಲಿಯೂ ಕೇರಳದಲ್ಲಿಯೂ ಘಟ್ಟದ ನಿತ್ಯಹರಿದ್ವರ್ಣ ಕಾಡುಗಳಲ್ಲಿ ಬೆಳೆಯುವ ಈ ಮರದ ಹಣ್ಣು ಮಳೆಗಾಲದಲ್ಲಿ ಮಾಗುತ್ತದೆ. ಮಾಗಿದ ಹಣ್ಣು ಹಳದಿಯಾಗಿ, ಮೈಮೇಲೆ ಉದ್ದುದ್ದ ಏಣುಗಳನ್ನು ಹೊಂದಿರುತ್ತದೆ. ಜನಬಳಕೆಯಲ್ಲಿ ಹಣ್ಣಿನ ತಿರುಳಿಗಿಂತ ಸಿಪ್ಪೆಗೇ ಹೆಚ್ಚಿನ ಬೆಲೆ. ಒಣಗಿಸಿ ಕಪ್ಪಾದ ಸಿಪ್ಪೆಯನ್ನು ಕೇರಳದಲ್ಲಿ ಕುಡಂಪುಳಿ ಎಂದು ಕರೆದು ಮೀನಿನ ಸಾರಿಗೆ ಹುಣಸೆಯ ಬದಲು ಹಾಕುತ್ತಾರೆ. ಕೊಡಗಿನಲ್ಲಿ ಹಣ್ಣಿನ ರಸವನ್ನು ಕಪ್ಪಗೆ ಮಂದವಾಗುವವರೆಗೆ ಕುದಿಸಿ ಇಳಿಸಿದ ಕಾಚಂಪುಳಿಯಿಲ್ಲದೆ ಪಂದಿಕರಿ ಪೂರ್ಣವಾಗುವುದಿಲ್ಲ. ಮಲೆನಾಡಿನಲ್ಲಿ ಬೀಜದಿಂದ ತೆಗೆದ ಜಿಡ್ಡು ಉಪ್ಪಾಗೆ ತುಪ್ಪವೆಂಬ ಹೆಸರಿನಲ್ಲಿ ಅಡುಗೆಗೆ ಒದಗುತ್ತದೆ. ಮಲಬಾರ್ ಮತ್ತು ದಕ್ಷಿಣ ಕನ್ನಡದ ಕರಾವಳಿಯಲ್ಲಿ ಬಂಗುಡೆ ಮೀನನ್ನು ಉಪ್ಪಿನೊಡನೆ ಈ ಸಿಪ್ಪೆಯನ್ನೂ ಸೇರಿಸಿ ಸಂಸ್ಕರಿಸಿ ಸಿಂಹಳಕ್ಕೆ ಕಳುಹಿಸುವ ಪದ್ಧತಿಯಿದ್ದು, ಅದಕ್ಕೆ ಕೊಲಂಬೊ ಸಂಸ್ಕರಣೆ ಎಂಬ ಹೆಸರೇ ಬಿದ್ದಿತು. ಸಿಪ್ಪೆಯ ಹುಳಿಯು ಮೀನನ್ನು ಕೆಡಿಸುವ ಸೂಕ್ಷ್ಮಜೀವಿಗಳನ್ನು ತಡೆಯುತ್ತದೆಂಬ ಅನುಭವಜ್ಞಾನ ಈ ಪದ್ಧತಿಯ ಹಿಂದಿತ್ತು.

ಮನೆಮದ್ದಿನಲ್ಲಿ ಉಪ್ಪಾಗೆ ಸಿಪ್ಪೆಯ ಕಷಾಯವನ್ನು ಸಂಧಿನೋವಿಗೂ ಹೊಟ್ಟೆಯ ತೊಂದರೆಗಳಿಗೂ ಕೊಡುವುದು, ದನಗಳ ಬಾಯಿಹುಣ್ಣಿಗೆ ಅದರಿಂದ ಬಾಯಿ ತೊಳೆಯುವುದು ದಾಖಲಾಗಿದೆ. ಈ ಬಳಕೆಗಳ ಸಾಲಿನಲ್ಲಿ ಬೊಜ್ಜು ಕರಗಿಸುವ ಮದ್ದೆಂಬ ಬಳಕೆಯಿಲ್ಲ ಎಂಬುದನ್ನು ಇಲ್ಲಿಯೇ ಗಮನಿಸಬೇಕು. ಮುಂದೆ ಪರೀಕ್ಷೆಗೊಳಗಾದ ಮುಖ್ಯ ಪ್ರತಿಪಾದನೆ ಪರಂಪರೆಯಿಂದ ಬಂದದ್ದಲ್ಲ; ಪ್ರಯೋಗಾಲಯದಲ್ಲಿ ಹುಟ್ಟಿದ ಒಂದು ಊಹೆಗೆ ಪರಂಪರೆಯ ಹೆಸರನ್ನು ಆಮೇಲೆ ಅಂಟಿಸಲಾಯಿತು.

ಯಾವುದೇ ಸಸ್ಯಸಾರದ ಪರೀಕ್ಷೆಯಲ್ಲಿ ಮೊದಲ ಹೆಜ್ಜೆ ಸಸ್ಯದ ಗುರುತನ್ನು ಖಚಿತಪಡಿಸಿಕೊಳ್ಳುವುದು. ಉಪ್ಪಾಗೆಯ ಒಡಹುಟ್ಟು ಮರವಾದ ಗಾರ್ಸೀನಿಯಾ ಇಂಡಿಕಾ ಉತ್ತರ ಕನ್ನಡದಲ್ಲಿ ಮುರುಗಲೆಂದೂ ಕರಾವಳಿಯ ದಕ್ಷಿಣ ಭಾಗದಲ್ಲಿ ಪುನರ್ಪುಳಿಯೆಂದೂ ಪ್ರಸಿದ್ಧವಾಗಿದ್ದು, ಆಯುರ್ವೇದದ ವೃಕ್ಷಾಮ್ಲವನ್ನು ಸಾಮಾನ್ಯವಾಗಿ ಈ ಮುರುಗಲಿನೊಡನೆಯೇ ಗುರುತಿಸಲಾಗುತ್ತದೆ. ಕೆಂಪು ಬಣ್ಣದ ಮುರುಗಲಿನ ಹಣ್ಣಿಗೂ ಹಳದಿ ಬಣ್ಣದ ಉಪ್ಪಾಗೆಗೂ ಮರದಲ್ಲಿರುವಾಗ ಗೊಂದಲವಾಗದಿದ್ದರೂ ಒಣಗಿ ಮೂಟೆ ಸೇರಿದ ಸಿಪ್ಪೆಗಳಲ್ಲಿ ಬೆರಕೆಯಾದರೆ ಕಣ್ಣಿನಿಂದ ಬೇರ್ಪಡಿಸುವುದು ಸುಲಭವಲ್ಲ. ಆದ್ದರಿಂದಲೇ ಸಂಶೋಧಕರು ಹಣ್ಣು ಸಂಗ್ರಹಿಸಿದ ಮರದ ಎಲೆ, ಹೂ, ರೆಂಬೆಗಳನ್ನು ಒತ್ತಿ ಒಣಗಿಸಿ, ಸಂಗ್ರಹದ ಸ್ಥಳ ಮತ್ತು ದಿನಾಂಕಗಳೊಡನೆ ಹರ್ಬೇರಿಯಂ ಎಂಬ ಸಸ್ಯಸಂಗ್ರಹಾಲಯದಲ್ಲಿ ಇರಿಸುತ್ತಾರೆ. ಮುಂದೆ ಯಾರಿಗೆ ಅನುಮಾನ ಬಂದರೂ ಆ ಮಾದರಿಯನ್ನು ತೆಗೆದು ನೋಡಬಹುದು.

2. ಹುಳಿಯ ರಾಸಾಯನಿಕ ಗುರುತು

ಉಪ್ಪಾಗೆಯ ಹುಳಿಗೆ ಕಾರಣವಾದ ಆಮ್ಲ ಯಾವುದೆಂಬ ಪ್ರಶ್ನೆಗೆ ಬಹುಕಾಲದವರೆಗೆ ಸಿಕ್ಕ ಉತ್ತರ ತಪ್ಪಾಗಿತ್ತು. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲವೋ ನಿಂಬೆಯಲ್ಲಿರುವ ಸಿಟ್ರಿಕ್ ಆಮ್ಲವೋ ಇರಬೇಕೆಂದು ತಿಳಿಯಲಾಗಿತ್ತು. 1965ರಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವೈ.ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ ಅವರು ಇದು ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು ತೋರಿಸಿದರು. ಸಿಟ್ರಿಕ್ ಆಮ್ಲದ ಅಣುವಿಗೆ ಆಮ್ಲಜನಕ ಮತ್ತು ಜಲಜನಕಗಳು ಸೇರಿದ ಒಂದು ಹೈಡ್ರಾಕ್ಸಿಲ್ ಗುಂಪು ಹೆಚ್ಚಾಗಿ ಅಂಟಿಕೊಂಡರೆ ಆಗುವುದೇ ಈ ಆಮ್ಲ. ಈ ಅಣುವಿನ ಪರಮಾಣುಗಳು ಅವೇ ಆಗಿದ್ದರೂ ಅವುಗಳ ಮೂರು ಆಯಾಮದ ಜೋಡಣೆ ನಾಲ್ಕು ಬಗೆಯಾಗಿರಬಲ್ಲದು. ಹೀಗೆ ಜೋಡಣೆಯಲ್ಲಿ ಮಾತ್ರ ಭಿನ್ನವಾದ ರೂಪಗಳನ್ನು ತ್ರಿವಿಮ ಸಮಾಂಗಿಗಳು ಎನ್ನುತ್ತಾರೆ. ಉಪ್ಪಾಗೆಯಲ್ಲಿರುವುದು ಅವುಗಳಲ್ಲಿ ಒಂದು, ಪುಂಡಿಯ ಜಾತಿಯ ಗಿಡಗಳಲ್ಲಿರುವುದು ಇನ್ನೊಂದು, ಮತ್ತು ಈ ಎರಡರ ಜೈವಿಕ ವರ್ತನೆ ಒಂದೇ ಅಲ್ಲ. ಹುಳಿ ಒಂದೇ ಎನ್ನಿಸುವ ಎರಡು ಸಸ್ಯಗಳ ಗುಣವೂ ಒಂದೇ ಎಂದು ತೀರ್ಮಾನಿಸಲಾಗದಿರುವುದಕ್ಕೆ ಇದೇ ಕಾರಣ.

ಪರೀಕ್ಷೆಗೆ ಒಡ್ಡುವ ಸಾರದಲ್ಲಿ ಈ ಆಮ್ಲ ಎಷ್ಟಿದೆಯೆಂದು ಅಳೆಯುವುದು ಕೂಡ ಅಷ್ಟೇ ಮುಖ್ಯವಾದ ಕೆಲಸ. ಕ್ಷಾರವನ್ನು ಹನಿಹನಿಯಾಗಿ ಬಿಟ್ಟು ಆಮ್ಲವನ್ನು ಅಳೆಯುವ ಟೈಟ್ರೇಷನ್ ವಿಧಾನವು ಸಾರದಲ್ಲಿರುವ ಎಲ್ಲ ಆಮ್ಲಗಳನ್ನೂ ಒಟ್ಟಿಗೆ ಲೆಕ್ಕ ಹಾಕುವುದರಿಂದ ಬೇಕಾದ ಆಮ್ಲದ ಪ್ರಮಾಣ ಇದ್ದುದಕ್ಕಿಂತ ಹೆಚ್ಚಾಗಿ ಕಾಣಬಹುದು. ಅದೇ ಮೈಸೂರಿನ ಸಂಶೋಧನಾಲಯದ ಜಿ.ಕೆ. ಜಯಪ್ರಕಾಶ ಮತ್ತು ಕೆ.ಕೆ. ಸಕರಿಯ ಅವರು 1998ರಲ್ಲಿ ಪ್ರಕಟಿಸಿದ ವಿಧಾನದಲ್ಲಿ, ದ್ರಾವಣವನ್ನು ಹೆಚ್ಚಿನ ಒತ್ತಡದಲ್ಲಿ ಒಂದು ಕಂಬದ ಮೂಲಕ ಹಾಯಿಸಿ ಅದರೊಳಗಿನ ಆಮ್ಲಗಳನ್ನು ಒಂದೊಂದಾಗಿ ಬೇರ್ಪಡಿಸಿ ಅಳೆಯಲಾಗುತ್ತದೆ; ಎಚ್‌ಪಿಎಲ್‌ಸಿ ಎಂಬ ಹೆಸರಿನ ಈ ತಂತ್ರ ಇಂದು ಸಸ್ಯಸಾರಗಳ ಪ್ರಮಾಣೀಕರಣಕ್ಕೆ, ಅಂದರೆ ಪ್ರತಿ ತಯಾರಿಕೆಯಲ್ಲಿಯೂ ಮುಖ್ಯ ಘಟಕ ಒಂದೇ ಪ್ರಮಾಣದಲ್ಲಿರುವಂತೆ ನೋಡಿಕೊಳ್ಳುವುದಕ್ಕೆ, ಆಧಾರವಾಗಿದೆ. ಇಲ್ಲಿ ಇನ್ನೊಂದು ತೊಡಕಿದೆ. ಹೈಡ್ರಾಕ್ಸಿಸಿಟ್ರಿಕ್ ಆಮ್ಲವನ್ನು ಕಾಯಿಸಿ ಇಂಗಿಸುವಾಗ ಅದು ತನ್ನೊಳಗೇ ಮಡಚಿಕೊಂಡು ಲ್ಯಾಕ್ಟೋನ್ ಎಂಬ ಉಂಗುರಾಕಾರದ ರೂಪಕ್ಕೆ ತಿರುಗುತ್ತದೆ, ಮತ್ತು ಆ ರೂಪಕ್ಕೆ ಮೂಲ ಆಮ್ಲದಷ್ಟು ಶಕ್ತಿಯಿಲ್ಲ. ಇದನ್ನು ತಡೆಯಲು ತಯಾರಕರು ಆಮ್ಲವನ್ನು ಕ್ಯಾಲ್ಸಿಯಂ ಅಥವಾ ಪೊಟ್ಯಾಸಿಯಂ ಲವಣವಾಗಿ ಪರಿವರ್ತಿಸುತ್ತಾರೆ. ಕ್ಯಾಲ್ಸಿಯಂ ಲವಣ ಕೆಡದೆ ಉಳಿಯುತ್ತದಾದರೂ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಪೊಟ್ಯಾಸಿಯಂ ಲವಣ ಚೆನ್ನಾಗಿ ಕರಗುತ್ತದಾದರೂ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೀಗಾಗಿ ಕಷಾಯ ಕುಡಿದವರ, ಕಾಚಂಪುಳಿ ಉಂಡವರ ಮತ್ತು ಮಾತ್ರೆ ನುಂಗಿದವರ ದೇಹಕ್ಕೆ ಸೇರುವುದು ಒಂದೇ ವಸ್ತುವೆಂದು ಭಾವಿಸುವಂತಿಲ್ಲ.

3. ಕಿಣ್ವದಿಂದ ಇಲಿಯವರೆಗೆ

ಉಪ್ಪಾಗೆಯ ಆಮ್ಲವು ಜಗತ್ತಿನ ಗಮನ ಸೆಳೆದದ್ದು 1969ರಲ್ಲಿ, ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಲೋವೆನ್‌ಸ್ಟೈನ್ ಮತ್ತು ಸಂಗಡಿಗರು ಅದರ ಒಂದು ವಿಶೇಷ ಗುಣವನ್ನು ಪ್ರಕಟಿಸಿದಾಗ. ದೇಹಕ್ಕೆ ಅಗತ್ಯಕ್ಕಿಂತ ಹೆಚ್ಚು ಶರ್ಕರಪಿಷ್ಟ ಸೇರಿದರೆ ಅದರ ಒಂದು ಭಾಗವು ಜೀವಕೋಶದ ಮೈಟೊಕಾಂಡ್ರಿಯಾಗಳಲ್ಲಿ ಸಿಟ್ರೇಟ್ ಆಗಿ, ಅಲ್ಲಿಂದ ಕೋಶರಸಕ್ಕೆ ಹೊರಬರುತ್ತದೆ. ಅಲ್ಲಿ ಎಟಿಪಿ ಸಿಟ್ರೇಟ್ ಲಯೇಸ್ ಎಂಬ ಕಿಣ್ವ, ಅಂದರೆ ರಾಸಾಯನಿಕ ಕ್ರಿಯೆಯನ್ನು ತ್ವರಿತಗೊಳಿಸುವ ಪ್ರೋಟೀನು, ಅದನ್ನು ಸೀಳಿ ಅಸಿಟೈಲ್-ಕೊಎ ಎಂಬ ತುಣುಕನ್ನು ಬಿಡಿಸುತ್ತದೆ. ಕೊಬ್ಬಿನ ಆಮ್ಲಗಳೂ ಕೊಲೆಸ್ಟರಾಲೂ ಕಟ್ಟಲ್ಪಡುವುದು ಈ ತುಣುಕಿನಿಂದಲೇ. ಉಪ್ಪಾಗೆಯ ಆಮ್ಲದ ಅಣು ಸಿಟ್ರೇಟನ್ನು ಬಹುಮಟ್ಟಿಗೆ ಹೋಲುವುದರಿಂದ ಕಿಣ್ವದಲ್ಲಿ ಸಿಟ್ರೇಟ್ ಕೂರಬೇಕಾದ ಜಾಗದಲ್ಲಿ ತಾನೇ ಕುಳಿತು, ಸಿಟ್ರೇಟಿಗಿಂತಲೂ ಬಿಗಿಯಾಗಿ ಅಂಟಿಕೊಂಡು ಕ್ರಿಯೆಯನ್ನು ತಡೆಯುತ್ತದೆ. ಗಾಜಿನ ನಳಿಕೆಯಲ್ಲಿ ಕಂಡ ಈ ತಡೆ ಜೀವಂತ ಪ್ರಾಣಿಯಲ್ಲಿಯೂ ನಡೆಯುತ್ತದೆಂಬುದನ್ನು ಲೋವೆನ್‌ಸ್ಟೈನ್ 1971ರಲ್ಲಿ ಇಲಿಗಳ ಯಕೃತ್ತಿನಲ್ಲಿ ತೋರಿಸಿದರು. ಮುಂದೆ ಅದೇ ದಶಕದಲ್ಲಿ ಹಾಫ್‌ಮನ್-ಲಾ ರೋಷ್ ಕಂಪನಿಯ ಪ್ರಯೋಗಾಲಯದಲ್ಲಿ ಆನ್ ಸಲಿವನ್ ಮತ್ತು ಸಂಗಡಿಗರು ಈ ಆಮ್ಲವನ್ನು ತಿಂದ ಇಲಿಗಳು ಆಹಾರವನ್ನು ಕಡಿಮೆ ತಿನ್ನುವುದನ್ನೂ ಅವುಗಳ ಮೈಯಲ್ಲಿ ಕೊಬ್ಬಿನ ಶೇಖರಣೆ ತಗ್ಗುವುದನ್ನೂ ದಾಖಲಿಸಿದರು.

ಈ ಫಲಿತಾಂಶಗಳು ನಿಜವಾಗಿದ್ದವು. ಆದರೆ ಅವು ನಿಜವಾಗಿದ್ದ ಸಂದರ್ಭ ಯಾವುದೆಂಬುದನ್ನು ಮರೆಯುವಂತಿರಲಿಲ್ಲ. ಪ್ರಯೋಗದ ಇಲಿಗಳಿಗೆ ಕೊಬ್ಬು ತೀರ ಕಡಿಮೆಯಿದ್ದು ಶರ್ಕರಪಿಷ್ಟ ಹೇರಳವಾಗಿದ್ದ ಆಹಾರವನ್ನು ಕೊಡಲಾಗುತ್ತಿತ್ತು, ಮತ್ತು ಅಂಥ ಆಹಾರ ತಿನ್ನುವ ಇಲಿಯ ಯಕೃತ್ತು ಸಕ್ಕರೆಯಿಂದ ಹೊಸದಾಗಿ ಕೊಬ್ಬು ತಯಾರಿಸುವ ಕೆಲಸದಲ್ಲಿ ಸದಾ ತೊಡಗಿರುತ್ತದೆ. ಮನುಷ್ಯನು ಸಾಮಾನ್ಯ ಆಹಾರ ತಿನ್ನುವಾಗ ಅವನ ಮೈಯಲ್ಲಿ ಸೇರುವ ಕೊಬ್ಬಿನ ಬಹುಪಾಲು ಆಹಾರದಲ್ಲಿದ್ದ ಎಣ್ಣೆ ಬೆಣ್ಣೆಗಳಿಂದ ನೇರವಾಗಿ ಬಂದದ್ದೇ ಹೊರತು ಸಕ್ಕರೆಯಿಂದ ಹೊಸದಾಗಿ ತಯಾರಾದದ್ದಲ್ಲ. ನಡೆಯುವುದೇ ಅಲ್ಪವಾಗಿರುವ ಕ್ರಿಯೆಯನ್ನು ತಡೆದರೆ ಸಿಗುವ ಲಾಭವೂ ಅಲ್ಪವೇ. ಇದರೊಡನೆ ಪ್ರಮಾಣದ ಪ್ರಶ್ನೆಯೂ ಇದೆ: ಇಲಿಗೆ ಪ್ರತಿ ಕಿಲೋಗ್ರಾಂ ತೂಕಕ್ಕೆ ಕೊಟ್ಟ ಮಿಲಿಗ್ರಾಂ ಲೆಕ್ಕವನ್ನು ಮನುಷ್ಯನಿಗೆ ಹಾಗೆಯೇ ಅನ್ವಯಿಸುವಂತಿಲ್ಲ, ಚಿಕ್ಕ ಪ್ರಾಣಿಯ ದೇಹಕ್ರಿಯೆ ವೇಗವಾಗಿ ನಡೆಯುವುದರಿಂದ ಮೈಯ ಹೊರಮೈ ವಿಸ್ತೀರ್ಣದ ಆಧಾರದ ಮೇಲೆ ಆ ಲೆಕ್ಕವನ್ನು ಸುಮಾರು 6ರಿಂದ ಭಾಗಿಸಿಕೊಳ್ಳುವ ರೂಢಿಯಿದೆ. ಪ್ರಾಣಿಪ್ರಯೋಗವು ಮನುಷ್ಯರಲ್ಲಿ ಕೇಳಬೇಕಾದ ಪ್ರಶ್ನೆಯನ್ನು ರೂಪಿಸಿಕೊಡುತ್ತದೆ. ಆ ಪ್ರಶ್ನೆಗೆ ಉತ್ತರ ಕೊಡುವುದು ಅದರ ಕೆಲಸವಲ್ಲ.

4. ಮನುಷ್ಯರಲ್ಲಿ ನಡೆದ ಪರೀಕ್ಷೆ

1990ರ ದಶಕದಲ್ಲಿ ಉಪ್ಪಾಗೆಯ ಸಾರವು ತೂಕ ಇಳಿಸುವ ಮಾತ್ರೆಯಾಗಿ ಅಮೆರಿಕದ ಪೇಟೆಯಲ್ಲಿ ಹರಡಿತು. ಅದರ ನಿಜಾಂಶವನ್ನು ಕಟ್ಟುನಿಟ್ಟಾಗಿ ಪರೀಕ್ಷಿಸಿದ ಪ್ರಯೋಗವೊಂದನ್ನು ಸ್ಟೀವನ್ ಹೈಮ್ಸ್‌ಫೀಲ್ಡ್ ಮತ್ತು ಸಂಗಡಿಗರು 1998ರ ನವೆಂಬರಿನಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಾದ ಜಾಮಾದಲ್ಲಿ ಪ್ರಕಟಿಸಿದರು. ತೂಕ ಹೆಚ್ಚಿದ್ದ 135 ಮಂದಿಯನ್ನು ಯಾದೃಚ್ಛಿಕವಾಗಿ, ಅಂದರೆ ವೈದ್ಯರ ಅಥವಾ ರೋಗಿಯ ಆಯ್ಕೆಗೆ ಎಡೆಯಿಲ್ಲದೆ ಚೀಟಿ ಎತ್ತುವ ರೀತಿಯಲ್ಲಿ, ಎರಡು ಗುಂಪುಗಳಿಗೆ ಹಂಚಲಾಯಿತು. 66 ಮಂದಿಗೆ ದಿನಕ್ಕೆ 1500 ಮಿಲಿಗ್ರಾಂ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಸಿಗುವಂತೆ ಉಪ್ಪಾಗೆಯ ಸಾರವನ್ನೂ 69 ಮಂದಿಗೆ ನೋಡಲು ಅದರಂತೆಯೇ ಇದ್ದು ಔಷಧವಿಲ್ಲದ ಹುಸಿಮದ್ದನ್ನೂ ಕೊಡಲಾಯಿತು. ಯಾರಿಗೆ ಯಾವುದು ಸಿಗುತ್ತಿದೆಯೆಂಬುದು ಕೊಡುವವರಿಗೂ ತೆಗೆದುಕೊಳ್ಳುವವರಿಗೂ ತಿಳಿಯದಂತೆ ಮರೆಮಾಡಲಾಗಿತ್ತು. ಎರಡೂ ಗುಂಪಿನವರಿಗೆ ನಾರಿನಂಶ ಹೆಚ್ಚಿದ್ದ, ದಿನಕ್ಕೆ ಸುಮಾರು 1200 ಕಿಲೋಕ್ಯಾಲೊರಿಗಳ ಪಥ್ಯವನ್ನು ವಿಧಿಸಲಾಗಿತ್ತು.

12 ವಾರಗಳ ಕೊನೆಗೆ ಉಪ್ಪಾಗೆಯ ಗುಂಪಿನವರ ತೂಕ ಸರಾಸರಿ 3.2 ಕಿಲೋಗ್ರಾಂ ಇಳಿದಿತ್ತು. ಹುಸಿಮದ್ದಿನ ಗುಂಪಿನವರದು 4.1 ಕಿಲೋಗ್ರಾಂ ಇಳಿದಿತ್ತು. ಈ ಎರಡು ಅಂಕಿಗಳ ನಡುವಿನ ಅಂತರ ಆಕಸ್ಮಿಕವಾಗಿಯೂ ಬರಬಹುದಾದಷ್ಟೇ ಇದ್ದುದರಿಂದ ಹುಸಿಮದ್ದೇ ಮೇಲೆಂದು ಹೇಳುವಂತಿರಲಿಲ್ಲ, ಆದರೆ ಉಪ್ಪಾಗೆಯಿಂದ ಪ್ರಯೋಜನವಾಯಿತೆಂದು ಹೇಳುವುದಕ್ಕಂತೂ ಯಾವ ಆಧಾರವೂ ಉಳಿಯಲಿಲ್ಲ. ನಿಯಂತ್ರಣ ಗುಂಪಿನ ಅಗತ್ಯವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ಅಪರೂಪ. ಎರಡನೆಯ ಗುಂಪು ಇಲ್ಲದಿದ್ದಲ್ಲಿ ಮೂರು ತಿಂಗಳಲ್ಲಿ ಮೂರು ಕಿಲೋಗ್ರಾಂಗೂ ಮಿಕ್ಕಿ ತೂಕ ಇಳಿದದ್ದು ಉಪ್ಪಾಗೆಯ ಮಹಿಮೆಯೆಂದೇ ದಾಖಲಾಗುತ್ತಿತ್ತು. ವಾಸ್ತವದಲ್ಲಿ ಇಳಿಸಿದ್ದು ಪಥ್ಯ. ಮದ್ದು ತಿಂದು ಗುಣ ಕಂಡೆವೆಂದು ಹೇಳುವವರು ಸುಳ್ಳಾಡುತ್ತಿಲ್ಲ. ಮದ್ದಿನೊಡನೆ ಬದಲಾದ ಊಟ, ಓಡಾಟ, ನಿರೀಕ್ಷೆಗಳನ್ನು ಅವರ ಅನುಭವದಿಂದ ಬೇರ್ಪಡಿಸುವ ದಾರಿ ಅವರ ಬಳಿಯಿಲ್ಲ, ಅಷ್ಟೇ.

ಈ ಪ್ರಯೋಗಕ್ಕೆ ಆಕ್ಷೇಪಗಳೂ ಬಂದವು. ಎರಡು ಗುಂಪುಗಳಲ್ಲಿಯೂ ತಲಾ 42 ಮಂದಿ ಮಾತ್ರ ಕೊನೆಯವರೆಗೆ ಉಳಿದಿದ್ದರು. ಪಥ್ಯದ ನಾರು ಆಮ್ಲವನ್ನು ಕರುಳಿನಲ್ಲಿ ಹೀರಿಕೊಳ್ಳದಂತೆ ತಡೆದಿರಬಹುದು. ಕಡಿಮೆ ಕ್ಯಾಲೊರಿಯ ಪಥ್ಯದಲ್ಲಿ ಹೊಸ ಕೊಬ್ಬಿನ ತಯಾರಿಕೆಯೇ ನಿಂತುಹೋಗುವುದರಿಂದ ಅದನ್ನು ತಡೆಯುವ ಮದ್ದಿಗೆ ಕೆಲಸವೇ ಇರಲಿಲ್ಲ ಎಂಬ ವಾದಗಳು ಎದ್ದವು. ಇಂಥ ಆಕ್ಷೇಪಗಳಿಗೆ ಸರಿಯಾದ ಉತ್ತರವೆಂದರೆ ಬೇರೆಬೇರೆ ಸಂದರ್ಭಗಳಲ್ಲಿ ನಡೆದ ಪ್ರಯೋಗಗಳನ್ನೆಲ್ಲ ಕಲೆಹಾಕಿ ತೂಗಿ ನೋಡುವುದು. ಇದನ್ನು ಸಮಗ್ರ ವಿಶ್ಲೇಷಣೆ ಎನ್ನುತ್ತಾರೆ. 2011ರಲ್ಲಿ ಇಗೊ ಒನಾಕ್‌ಪೋಯಾ ಮತ್ತು ಸಂಗಡಿಗರು ಇಂಗ್ಲೆಂಡಿನಲ್ಲಿ ನಡೆಸಿದ ವಿಶ್ಲೇಷಣೆಯಲ್ಲಿ 9 ಪ್ರಯೋಗಗಳ ಅಂಕಿಗಳನ್ನು ಒಟ್ಟುಗೂಡಿಸಿದಾಗ ಉಪ್ಪಾಗೆಯ ಆಮ್ಲವನ್ನು ತೆಗೆದುಕೊಂಡವರ ತೂಕ ಹುಸಿಮದ್ದಿನವರದಕ್ಕಿಂತ ಸರಾಸರಿ 0.88 ಕಿಲೋಗ್ರಾಂ ಹೆಚ್ಚು ಇಳಿದದ್ದು ಕಂಡುಬಂತು. ನಿಜವಾದ ಅಂತರ ಸೊನ್ನೆಯಿಂದ 1.75 ಕಿಲೋಗ್ರಾಂವರೆಗೆ ಎಲ್ಲಿಯೂ ಇರಬಹುದಿತ್ತು. ಗುಣಮಟ್ಟದಲ್ಲಿ ಉತ್ತಮವಾದ ಪ್ರಯೋಗಗಳನ್ನಷ್ಟೇ ಪರಿಗಣಿಸಿದಾಗ ಆ ಅಲ್ಪ ಅಂತರವೂ ಉಳಿಯಲಿಲ್ಲ. ದುರ್ಬಲ ಪ್ರಯೋಗಗಳಲ್ಲಿ ಕಂಡ ಲಾಭವು ಬಿಗಿಯಾದ ಪ್ರಯೋಗಗಳಲ್ಲಿ ಕರಗಿಹೋಗುವುದು ಸಸ್ಯಸಾರಗಳ ಪರೀಕ್ಷೆಯಲ್ಲಿ ಪದೇಪದೇ ಕಾಣಬರುವ ಲಕ್ಷಣವಾಗಿದೆ.

5. ಸುರಕ್ಷತೆಯ ಪ್ರಶ್ನೆ

ತಲೆಮಾರುಗಳಿಂದ ತಿಂದುಬಂದ ಹಣ್ಣಿನಿಂದ ಅಪಾಯವೆಲ್ಲಿಯದು ಎಂಬ ಪ್ರಶ್ನೆ ಸಹಜವೇ. ಆದರೆ ಸಾರಿನಲ್ಲಿ ಕುದಿದ ಎರಡು ಮೂರು ಸಿಪ್ಪೆಯ ತುಂಡುಗಳಿಗೂ ಆಮ್ಲವನ್ನು ಸಾಂದ್ರೀಕರಿಸಿ ದಿನಕ್ಕೆ ಮೂರು ಬಾರಿ, ತಿಂಗಳುಗಟ್ಟಲೆ ನುಂಗುವ ಮಾತ್ರೆಗೂ ಪ್ರಮಾಣದಲ್ಲಿ ಬಹಳ ಅಂತರವಿದ್ದು, ಮೊದಲನೆಯದರ ಸುರಕ್ಷತೆಯನ್ನು ಎರಡನೆಯದಕ್ಕೆ ಸಾಕ್ಷಿಯಾಗಿ ತರುವುದು ಸಾಧುವಲ್ಲ. ಜಪಾನಿನ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೊಜ್ಜಿನ ಇಲಿಗಳಿಗೆ ಈ ಸಾರವನ್ನು ಹೆಚ್ಚಿನ ಪ್ರಮಾಣದಲ್ಲಿ ತಿನ್ನಿಸಿದಾಗ ಕೊಬ್ಬು ಕಡಿಮೆಯಾದದ್ದು ನಿಜವಾದರೂ ಅವುಗಳ ವೃಷಣಗಳಿಗೆ ತೀವ್ರ ಹಾನಿಯಾಗಿತ್ತು. ಪ್ರಮಾಣವನ್ನು ತಗ್ಗಿಸಿದಾಗ ಆ ಹಾನಿ ಕಾಣಲಿಲ್ಲ. ಪರಿಣಾಮವೂ ಅಪಾಯವೂ ಪ್ರಮಾಣದೊಡನೆಯೇ ಏರುತ್ತವೆಂಬ ಔಷಧಶಾಸ್ತ್ರದ ಮೂಲಪಾಠಕ್ಕೆ ಹಣ್ಣಿನ ಸಾರವೂ ಹೊರತಲ್ಲ.

ಮನುಷ್ಯರಲ್ಲಿ ಕಂಡ ಮುಖ್ಯ ಆತಂಕ ಯಕೃತ್ತಿನದು. 2009ರ ಮೇ 1ರಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ತೂಕ ಇಳಿಸುವ ಹೆಸರಾಂತ ಉತ್ಪನ್ನವೊಂದನ್ನು ಸೇವಿಸದಂತೆ ಎಚ್ಚರಿಕೆ ಕೊಟ್ಟಾಗ ಅದರ ಮುಂದೆ ಯಕೃತ್ತಿಗೆ ಸಂಬಂಧಿಸಿದ ತೊಂದರೆಗಳ 23 ವರದಿಗಳಿದ್ದವು. ಆ ಉತ್ಪನ್ನದಲ್ಲಿ ಉಪ್ಪಾಗೆಯಲ್ಲದೆ ಬೇರೆ ಘಟಕಗಳೂ ಸೇರಿದ್ದರಿಂದ ದೋಷ ಯಾವುದರದೆಂದು ಬಿಡಿಸಿ ಹೇಳುವುದು ಕಷ್ಟವಾಯಿತು. ಮುಂದೆ ಅಮೆರಿಕದಲ್ಲಿ ಔಷಧಗಳಿಂದಾಗುವ ಯಕೃತ್ತಿನ ಹಾನಿಯನ್ನು ಅಧ್ಯಯನ ಮಾಡುವ ಸಂಶೋಧನಾ ಜಾಲವು 2022ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಉಪ್ಪಾಗೆಯ ಸಾರವನ್ನು ಒಂಟಿಯಾಗಿಯೋ ಹಸಿರು ಚಹಾದಂಥ ಘಟಕಗಳ ಜೊತೆಗೋ ಸೇವಿಸಿ ಯಕೃತ್ತಿನ ಹಾನಿಗೊಳಗಾದ 22 ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ರೋಗನಿರೋಧಕ ವ್ಯವಸ್ಥೆಗೆ ಸಂಬಂಧಿಸಿದ ಒಂದು ನಿರ್ದಿಷ್ಟ ವಂಶವಾಹಿ ರೂಪವನ್ನು ಹೊಂದಿರುವುದು ಕಂಡುಬಂತು. ಸಾಮಾನ್ಯ ಜನರಲ್ಲಿ ಅದು ಇಷ್ಟು ಹೆಚ್ಚಾಗಿ ಇರುವುದಿಲ್ಲ. ಇಂಥ ಹಾನಿ ಅಪರೂಪದ್ದು, ಆದರೆ ಯಾರಿಗೆ ಆಗುತ್ತದೆಂದು ಮೊದಲೇ ಹೇಳಲಾಗದ್ದು. ನೂರು ಇನ್ನೂರು ಜನರ ಪ್ರಯೋಗದಲ್ಲಿ ಅದು ಕಣ್ಣಿಗೆ ಬೀಳದಿರುವ ಸಾಧ್ಯತೆಯೇ ಹೆಚ್ಚಾದ್ದರಿಂದ, ಉತ್ಪನ್ನ ಪೇಟೆಗೆ ಬಂದ ನಂತರವೂ ವೈದ್ಯರಿಂದ ವರದಿಗಳನ್ನು ಸಂಗ್ರಹಿಸುತ್ತಿರುವ ಔಷಧ ಜಾಗರೂಕತಾ ವ್ಯವಸ್ಥೆ ಪರೀಕ್ಷೆಯ ಕೊನೆಯ ಹಂತವಾಗಿ ಮುಂದುವರಿಯಲೇಬೇಕಾಗುತ್ತದೆ.

6. ಅದೇ ಕಿಣ್ವ, ಬೇರೆ ಪ್ರಶ್ನೆ

ಉಪ್ಪಾಗೆಯ ಮಾತ್ರೆ ಸೋತಿತೆಂದ ಮಾತ್ರಕ್ಕೆ 1969ರ ಶೋಧ ವ್ಯರ್ಥವಾಗಲಿಲ್ಲ. ಎಟಿಪಿ ಸಿಟ್ರೇಟ್ ಲಯೇಸ್ ಕಿಣ್ವದಿಂದ ಬರುವ ತುಣುಕೇ ಕೊಲೆಸ್ಟರಾಲಿಗೂ ಮೂಲವಾದ್ದರಿಂದ, ಅದನ್ನು ಯಕೃತ್ತಿನಲ್ಲಿ ತಡೆದರೆ ರಕ್ತದ ಕೊಲೆಸ್ಟರಾಲ್ ಇಳಿಯಬೇಕೆಂಬ ತರ್ಕವನ್ನು ಹಿಡಿದು ಬೆಂಪೆಡೋಯಿಕ್ ಆಮ್ಲ ಎಂಬ ಕೃತಕ ಔಷಧವನ್ನು ರೂಪಿಸಲಾಯಿತು. ಇದು ಯಕೃತ್ತಿನಲ್ಲಿರುವ, ಸ್ನಾಯುಗಳಲ್ಲಿಲ್ಲದ ಇನ್ನೊಂದು ಕಿಣ್ವದಿಂದ ಸಕ್ರಿಯವಾಗುವುದರಿಂದ ಇದರ ಕೆಲಸ ಮುಖ್ಯವಾಗಿ ಯಕೃತ್ತಿಗೆ ಸೀಮಿತವಾಗಿರುತ್ತದೆ. 2020ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮತಿ ದೊರೆಯಿತು. ಕೊಲೆಸ್ಟರಾಲ್ ಇಳಿಸಲು ಕೊಡುವ ಸ್ಟ್ಯಾಟಿನ್ ಔಷಧಗಳನ್ನು ಸಹಿಸಲಾಗದ 13,970 ಮಂದಿಯಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳಂಥ ಘಟನೆಗಳು ಶೇಕಡ 13ರಷ್ಟು ಕಡಿಮೆಯಾದದ್ದು ದೃಢಪಟ್ಟಿತು. ಕಿಣ್ವದ ಆಯ್ಕೆ ಸರಿಯಾಗಿತ್ತು. ಅಣುವೂ ರೋಗವೂ ಬೇರೆಯಾಗಬೇಕಿತ್ತು, ಮತ್ತು ಅದನ್ನು ಕಂಡುಕೊಳ್ಳಲು ಅರ್ಧ ಶತಮಾನ ಹಿಡಿಯಿತು.

ಉಪ್ಪಾಗೆಯ ಆಮ್ಲಕ್ಕೇ ಇನ್ನೊಂದು ದಾರಿ 2016ರಲ್ಲಿ ತೆರೆಯಿತು. ಹ್ಯೂಸ್ಟನ್ ವಿಶ್ವವಿದ್ಯಾಲಯದ ಜೆಫ್ರಿ ರೈಮರ್ ಮತ್ತು ಸಂಗಡಿಗರು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೂತ್ರಪಿಂಡದ ಕಲ್ಲುಗಳ ಮುಖ್ಯ ಘಟಕವಾದ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಬೆಳೆಯುವುದನ್ನು ಈ ಆಮ್ಲದ ಲವಣ ತಡೆಯುವುದಲ್ಲದೆ, ಕೆಲವು ಪರಿಸ್ಥಿತಿಗಳಲ್ಲಿ ಹರಳುಗಳನ್ನು ಕರಗಿಸಬಲ್ಲದು. ಅಲ್ಪಸಂಖ್ಯೆಯ ಸ್ವಯಂಸೇವಕರಲ್ಲಿ ಸೇವಿಸಿದ ಆಮ್ಲ ಮೂತ್ರದಲ್ಲಿ ಹೊರಬರುವುದನ್ನೂ ಅದು ತೋರಿಸಿತು; ಎಂದರೆ ಬೇಕಾದ ಜಾಗವನ್ನು ಆಮ್ಲ ತಲುಪುತ್ತದೆ. ಆದರೆ ಹರಳಿನ ಮೇಲಿನ ಪರಿಣಾಮದಿಂದ ಕಲ್ಲಿನ ರೋಗಿಗಾಗುವ ಉಪಕಾರದವರೆಗಿನ ದೂರವು, ಇಲಿಯ ಯಕೃತ್ತಿನಿಂದ ಮನುಷ್ಯನ ತೂಕದವರೆಗೆ ಇದ್ದ ದೂರಕ್ಕಿಂತ ಕಡಿಮೆಯೆಂದು ಭಾವಿಸಲು ಕಾರಣವಿಲ್ಲ.

7. ಕಾಡು, ಪೇಟೆ, ನಿಯಮ

ಪರೀಕ್ಷೆಯಾಗದ ಮಾತು ಪೇಟೆಗೆ ಬಂದಾಗ ಅದರ ಪರಿಣಾಮ ಮಾತ್ರೆ ನುಂಗುವವರಿಗಷ್ಟೇ ಸೀಮಿತವಾಗುವುದಿಲ್ಲ. ವಿದೇಶದ ಬೇಡಿಕೆಯಿಂದ ಸಿಪ್ಪೆಯ ಬೆಲೆ ಏರಿದಾಗ ಶಿರಸಿಯ ಸುತ್ತಣ ಕಾಡುಗಳಲ್ಲಿ ಸಂಗ್ರಹದ ಪೈಪೋಟಿ ಹೆಚ್ಚಿ, ಇನ್ನೊಬ್ಬರು ಕೊಯ್ಯುವ ಮೊದಲೇ ಕೊಯ್ದುಬಿಡುವ ಆತುರದಲ್ಲಿ ಮಾಗದ ಕಾಯಿಗಳೂ ಇಳಿದವು. ಹಣ್ಣು ಬರುವುದು ಮಳೆಗಾಲದಲ್ಲಿಯಾದ್ದರಿಂದ ಸಿಪ್ಪೆಯನ್ನು ಬೆಂಕಿಯ ಕಾವಿನಲ್ಲಿಯೇ ಒಣಗಿಸಬೇಕಾಗಿ ಅಪಾರ ಸೌದೆ ಉರಿಯಿತು. ಬೆಲೆ ಕುಸಿದಾಗ ನಷ್ಟವನ್ನು ಹೊತ್ತವರು ಸಂಗ್ರಹಿಸಿದ ಕುಟುಂಬಗಳೇ.

ಇಂದು ಭಾರತದಲ್ಲಿ ಸಸ್ಯಸಾರವನ್ನು ಔಷಧವಾಗಿ ಪರೀಕ್ಷಿಸಲು ಸ್ಪಷ್ಟವಾದ ದಾರಿಯಿದೆ. 2015ರ ನವೆಂಬರಿನಲ್ಲಿ ಔಷಧ ನಿಯಮಗಳಿಗೆ ತಂದ ತಿದ್ದುಪಡಿಯಿಂದ, ಕನಿಷ್ಠ ನಾಲ್ಕು ಘಟಕಗಳನ್ನು ಗುರುತಿಸಿ ಅಳೆದ, ಶುದ್ಧೀಕರಿಸಿ ಪ್ರಮಾಣೀಕರಿಸಿದ ಸಸ್ಯಸಾರಗಳಿಗೆ ಫೈಟೋಫಾರ್ಮಾಸ್ಯುಟಿಕಲ್ ಎಂಬ ಪ್ರತ್ಯೇಕ ವರ್ಗ ಏರ್ಪಟ್ಟಿದ್ದು, ಅವು ಹೊಸ ಔಷಧದಂತೆಯೇ ಸುರಕ್ಷತೆ ಮತ್ತು ಪರಿಣಾಮಗಳ ಪುರಾವೆಯನ್ನು ಒದಗಿಸಬೇಕು. 2007ರಲ್ಲಿ ಆರಂಭವಾದ ಭಾರತೀಯ ಕ್ಲಿನಿಕಲ್ ಪ್ರಯೋಗಗಳ ನೋಂದಣಿಯಲ್ಲಿ ಪ್ರಯೋಗದ ಉದ್ದೇಶ, ವಿಧಾನ, ಅಳೆಯಬೇಕಾದ ಫಲ ಇವುಗಳನ್ನು ಮೊದಲೇ ದಾಖಲಿಸುವುದು 2009ರ ಜೂನ್‌ನಿಂದ ಕಡ್ಡಾಯವಾಗಿದೆ. ಫಲಿತಾಂಶ ನೋಡಿಕೊಂಡು ಪ್ರಶ್ನೆಯನ್ನು ಬದಲಿಸುವುದಕ್ಕೆ ಇದರಿಂದ ತಡೆ ಬೀಳುತ್ತದೆ.

ಉಪ್ಪಾಗೆಯನ್ನು ಮೂತ್ರಪಿಂಡದ ಕಲ್ಲಿಗೆ ಮದ್ದೆಂದು ಮಾರಲು ಹೊರಡುವ ಮೊದಲು ಏನು ನಡೆಯಬೇಕೆಂಬುದನ್ನು ಹಿಂದಿನ ಅನುಭವದಿಂದ ಈಗಲೇ ಪಟ್ಟಿ ಮಾಡಬಹುದು: ಗುರುತು ಖಚಿತವಾದ ಮರಗಳ ಸಿಪ್ಪೆಯಿಂದ, ಆಮ್ಲದ ಪ್ರಮಾಣವನ್ನೂ ಲವಣದ ರೂಪವನ್ನೂ ನಿಗದಿಪಡಿಸಿದ ಸಾರ, ಈಗಾಗಲೇ ಚಿಕಿತ್ಸೆಯಲ್ಲಿರುವ ಪೊಟ್ಯಾಸಿಯಂ ಸಿಟ್ರೇಟಿನೊಡನೆ ನೇರ ಹೋಲಿಕೆ, ಮೂತ್ರದ ರಸಾಯನವನ್ನಲ್ಲದೆ ಮರುಕಳಿಸುವ ಕಲ್ಲುಗಳನ್ನೇ ಎಣಿಸುವಷ್ಟು ದೀರ್ಘವಾದ ಅವಧಿ, ಪ್ರತಿಯೊಬ್ಬರಲ್ಲಿಯೂ ಯಕೃತ್ತಿನ ನಿಯತವಾದ ತಪಾಸಣೆ, ಫಲಿತಾಂಶ ಯಾವುದೇ ಬರಲಿ ಅದರ ಪೂರ್ಣ ಪ್ರಕಟಣೆ. ಇಷ್ಟು ನಡೆಯುವವರೆಗೆ ಉಪ್ಪಾಗೆಗೆ ಕಳಂಕವೇನೂ ಇಲ್ಲ. ಸಾರಿಗೆ ಹುಳಿಯಾಗಿ, ಮೀನನ್ನು ಕಾಯುವ ಸಂಸ್ಕರಣದ್ರವ್ಯವಾಗಿ ಅದರ ಯೋಗ್ಯತೆಯನ್ನು ಬಳಕೆದಾರರ ತಲೆಮಾರುಗಳೇ ಪರೀಕ್ಷಿಸಿ ಒಪ್ಪಿವೆ. ಜಾಮಾದ ಪ್ರಯೋಗ ತಳ್ಳಿಹಾಕಿದ್ದು ಆ ಪರಂಪರೆಯನ್ನಲ್ಲ, ಪರಂಪರೆ ಎಂದೂ ಹೇಳದಿದ್ದ ಮಾತನ್ನು ಅದರ ಹೆಸರಿನಲ್ಲಿ ಹೇಳಿದ ಜಾಹೀರಾತನ್ನು; ಆದ್ದರಿಂದ ಯಾವುದೇ ಸಸ್ಯಸಾರದ ಗುಣವನ್ನು ಪರೀಕ್ಷಿಸಹೊರಟವರು ಪರೀಕ್ಷೆಗೆ ಒಡ್ಡುತ್ತಿರುವ ಮಾತು ಮೊದಲು ಯಾರ ಬಾಯಿಂದ ಬಂದದ್ದೆಂಬುದನ್ನು ವಿಚಾರಿಸಿಕೊಂಡೇ ಕೆಲಸ ಆರಂಭಿಸಬೇಕು.